ಅಳಿಸು ಅಂದ ಮಾತು

ತಾವು ಹೇಳದ ಮಾತುಗಳನ್ನು ತಮ್ಮದೇ ಹೆಸರಿನ ಕೆಳಗೆ ಅತ್ತೆ ಮೊದಲ ಬಾರಿಗೆ ಓದಿದ್ದು ಬೆಳಗಿನ ತಿಂಡಿಯಾದ ಮೇಲೆ, ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು. ಎರಡೂ ಕಣ್ಣುಗಳ ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು. ಇನ್ನು ಮೊಬೈಲ್ ನೋಡಬಹುದು ಎಂದು ಡಾಕ್ಟರು ಹಿಂದಿನ ದಿನವಷ್ಟೇ ಅಪ್ಪಣೆ ಕೊಟ್ಟಿದ್ದರು.

"ಕಣ್ಣು ಬಂತು ಅಂತ ಎಲ್ಲಾ ಕಡೆ ನೋಡ್ಬೇಡಮ್ಮ. ಮನೆ ಧೂಳು ಕಾಣ್ಸುತ್ತೆ, ಆಮೇಲೆ ನಮ್ಗೆ ಕಷ್ಟ" ಎಂದು ತಮಾಷೆ ಮಾಡಿ ಮಗ ಕೆಲಸಕ್ಕೆ ಹೋಗಿದ್ದ. ಅವನದು ಲಿಫ್ಟ್ ರಿಪೇರಿ. ಸೊಸೆ ಒಳಗಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡುತ್ತಿದ್ದಳು.

ಅತ್ತೆ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅಂಗಡಿಯ ತಕ್ಕಡಿ, ಅದಕ್ಕೆ ಹಾಕುವ ತೂಕದ ಬಟ್ಟು, ಪೆಟ್ರೋಲ್ ಬಂಕಿನ ಪಂಪು, ಹಾಲಿನ ಅಳತೆಯ ಪಾತ್ರೆ, ಇವನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸವಾಗಿತ್ತು. ಅವರು ಜೀಪಿನಿಂದ ಇಳಿದರೆ ಬೀದಿಯ ಅರ್ಧ ಅಂಗಡಿಗಳ ಬಾಗಿಲು ಬೀಳುತ್ತಿತ್ತು. ಕಚೇರಿಯವರು ಬೆನ್ನ ಹಿಂದೆ ಅವರನ್ನು ‘ತಕ್ಕಡಿ’ ಎನ್ನುತ್ತಿದ್ದರು. ಅದು ಗೊತ್ತಿದ್ದೂ ಅವರು ಬೇಸರಪಟ್ಟಿರಲಿಲ್ಲ. ಅಡ್ಡಹೆಸರಾದರೂ ಸರಿಯಾಗಿ ತೂಗಿ ಇಟ್ಟಿದ್ದಾರೆ ಎಂಬ ಸಮಾಧಾನವಿತ್ತು.

ನಿವೃತ್ತರದೊಂದು ವಾಟ್ಸಾಪ್ ಗುಂಪಿತ್ತು, ಹೆಸರು ‘ಹಳೇ ಬಟ್ಟುಗಳು’. ಅತ್ತೆ ಮೊದಲು ತೆರೆದದ್ದು ಅದನ್ನು. ಬೆರಳಿಂದ ಮೇಲಕ್ಕೆ ಎಳೆಯುತ್ತಾ ಹೋದರು. ಒಂದು ಕಡೆ ಹೀಗಿತ್ತು: ‘ನನ್ನ ಮೊಣಕಾಲು ನಮ್ಮ ಇಲಾಖೆ ಜೀಪಿನ ಥರ. ಇಬ್ಬರು ತಳ್ಳಿದರೆ ಮಾತ್ರ ಸ್ಟಾರ್ಟ್.’ ಕೆಳಗೆ ನಗುವ ಮುಖಗಳ ಸಾಲು. ಅತ್ತೆಗೂ ನಗು ಬಂತು. ಯಾರು ಬರೆದದ್ದು ಎಂದು ನೋಡಿದರೆ ಅವರದೇ ಫೋಟೋ, ಅವರದೇ ಹೆಸರು.

ನಗು ಅಲ್ಲೇ ನಿಂತಿತು.

ಇನ್ನೂ ಮೇಲೆ ಹೋದರು. ಪರೀಕ್ಷೆ ಮಾಡದೆ ಮುದ್ರೆ ಒತ್ತುತ್ತಿದ್ದ ಗುಮಾಸ್ತನೊಬ್ಬನ ಮೇಲೆ ಅವರು ಹಿಂದೆ ರಿಪೋರ್ಟ್ ಬರೆದಿದ್ದರು. ಕಚೇರಿಗೆಲ್ಲ ಅವನು ‘ಮೊಸಳೆ’. ಅವನ ಹುಟ್ಟುಹಬ್ಬಕ್ಕೆ ಅತ್ತೆಯ ಹೆಸರಿನಿಂದ ಶುಭಾಶಯ ಹೋಗಿತ್ತು. ಜೊತೆಗೆ ಇನ್ನೊಂದು ಸಾಲು: ‘ನಿಮ್ಮ ಮೇಲೆ ರಿಪೋರ್ಟ್ ಬರೆದ ದಿನ ನನಗೂ ಊಟ ಸೇರಲಿಲ್ಲ.’ ಮೊಸಳೆ ಉತ್ತರಿಸಿದ್ದ: ‘ಮೇಡಂ, ರಿಟೈರ್ ಆದ್ಮೇಲೆ ನೀವು ಮನುಷ್ಯರಾದ್ರಿ.’ ಅದಕ್ಕೆ ಅತ್ತೆ: ‘ಮೊದಲು ಸರ್ಕಾರಿ ಆಸ್ತಿ ಆಗಿದ್ದೆನಲ್ಲ.’

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ರಿಪೋರ್ಟ್ ಬರೆದ ದಿನ ಅವರು ಚೆನ್ನಾಗಿಯೇ ಊಟ ಮಾಡಿದ್ದರು.

ಇದು ಹೇಗಾಯಿತೆಂದು ತಿಳಿಯಲು ಸೊಸೆಯ ಕೆಲಸ ತಿಳಿದಿರಬೇಕು. ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಸೊಸೆ ಅದನ್ನು ಮನೆಯಲ್ಲೇ ಕೂತು ಕೇಳಿ ಟೈಪ್ ಮಾಡಿ ಕಳಿಸುತ್ತಾಳೆ. ಮೇಜಿನ ಕೆಳಗೆ ಹೊಲಿಗೆ ಯಂತ್ರದಲ್ಲಿರುವಂಥ ಒಂದು ಪೆಡಲ್ ಇದೆ. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆ ಕೆಲಸಕ್ಕೆ ಅದರದೇ ನಿಯಮಗಳಿವೆ. ಡಾಕ್ಟರ ಕೆಮ್ಮು, ನರ್ಸಿಗೆ ಬೈದದ್ದು, ರೋಗಿಯ ಬಗ್ಗೆ ಆಡಿದ ಒರಟು ಮಾತು ಯಾವುದೂ ಬರಕೂಡದು. ‘ಎಡಗಾಲು’ ಎಂದು ಹೇಳಿ ‘ಅಲ್ಲ, ಬಲಗಾಲು’ ಎಂದರೆ ಬಲಗಾಲು ಮಾತ್ರ ಉಳಿಯಬೇಕು. ಮೊದಲು ಬಾಯಿಗೆ ಬಂದದ್ದು ಯಾವತ್ತೂ ಕಾಗದಕ್ಕೆ ಹೋಗುವುದಿಲ್ಲ. ಡಾಕ್ಟರು ಓದಿ ಒಪ್ಪುವವರೆಗೆ ರೆಕಾರ್ಡ್ ಅಳಿಸುವಂತಿಲ್ಲ.

ಅತ್ತೆಯ ಕಣ್ಣು ಮಂಜಾದಾಗ ಸಕ್ಕರೆ ಕಾಯಿಲೆಯಿಂದಾಗಿ ಆಪರೇಷನ್ ಮುಂದೆ ಹೋಗುತ್ತಲೇ ಇತ್ತು, ಹತ್ತಿರ ಹತ್ತಿರ ಎರಡು ವರ್ಷ. ಧ್ವನಿಯಲ್ಲೇ ಮೆಸೇಜ್ ಕಳಿಸಬಹುದಲ್ಲ ಎಂದು ಮಗ ಹೇಳಿದ್ದ. "ಬಾಯಿಮಾತಿಗೆ ಮುದ್ರೆ ಒತ್ತಕ್ಕಾಗಲ್ಲ ಕಣೋ" ಎಂದು ಅತ್ತೆ ತಳ್ಳಿಹಾಕಿದ್ದರು. ಹಾಗಾಗಿ ಮಧ್ಯಾಹ್ನ ಅವರು ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿಡುವುದು, ಸಂಜೆ ಸೊಸೆ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡು ಕೇಳಿ ಟೈಪ್ ಮಾಡಿ ಕಳಿಸುವುದು, ಬಂದ ಉತ್ತರಗಳನ್ನು ಓದಿ ಹೇಳುವುದು ರೂಢಿಯಾಯಿತು. ಅತ್ತೆ ಸರ್ಕಾರಿ ನೋಟಿಸಿನಂತೆ ಹೇಳಿ ಬರೆಸುತ್ತಿದ್ದರು. ಫುಲ್‌ಸ್ಟಾಪ್ ಅನ್ನುವುದು ಪಕ್ಕದ ಮನೆಗೂ ಕೇಳಿಸುತ್ತಿತ್ತು.

ಗುಂಪಿನಿಂದ ಹೊರಬಂದ ಅತ್ತೆಗೆ ಪಟ್ಟಿಯ ಮೇಲ್ತುದಿಯಲ್ಲಿ ತಂಗಿಯ ಹೆಸರು ಕಂಡಿತು. ಬೆರಳು ಅಲ್ಲೇ ನಿಂತಿತು. ತಂಗಿಗೂ ಅವರಿಗೂ ಮಾತಿಲ್ಲದೆ ಹನ್ನೊಂದು ವರ್ಷ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಅತ್ತೆ ಬೇರೆ ಊರಿನಲ್ಲಿ ಡ್ಯೂಟಿಯಲ್ಲಿದ್ದರು. ಕೂಡಲೇ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದಾಗ ಒಪ್ಪಿಗೆಗೆ ಸಹಿ ಹಾಕಿದ್ದು ತಂಗಿ. ಅಮ್ಮ ಮೇಜಿನ ಮೇಲಿಂದ ಎದ್ದು ಬರಲಿಲ್ಲ. "ಸಹಿ ಹಾಕಿ ಕೊಂದೆಯಲ್ಲೇ" ಎಂದು ಅತ್ತೆ ಎಲ್ಲರೆದುರು ಅಂದಿದ್ದರು. ಒಂದೂವರೆ ವರ್ಷದ ಹಿಂದೆ ತಂಗಿಯಿಂದ ‘ಹೇಗಿದ್ದೀಯ ಅಕ್ಕ’ ಎಂದು ಒಂದು ಮೆಸೇಜ್ ಬಂದದ್ದೂ, ಅದಕ್ಕೆ ಉತ್ತರ ಕೊಡದೆ ಬಿಟ್ಟದ್ದೂ ಅವರಿಗೆ ನೆನಪಿತ್ತು.

ತೆರೆದರೆ ಮುಗಿಯದಷ್ಟು ಮಾತು. ತಂಗಿಯದು ಎಡಕ್ಕೆ, ಅಕ್ಕನದು ಬಲಕ್ಕೆ. ಬಿಪಿ ಮಾತ್ರೆ, ಸೊಂಟ ನೋವು, ಬಾಡಿಗೆ ಮನೆ ಮಾಲೀಕನ ಜಿಪುಣತನ. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಸ್ವೆಟರಿಗಾಗಿ ಜಗಳ ಆಡಿ ತೋಳು ಕಿತ್ತದ್ದು, ಅಮ್ಮ ಅದನ್ನೇ ಇಬ್ಬರಿಗೂ ಒಂದೊಂದು ತೋಳಿನಂತೆ ತೊಡಿಸಿದ್ದು. ಅತ್ತೆ ಆ ಸ್ವೆಟರಿನ ಕತೆಯನ್ನು ಸೊಸೆಗೆ ಹೇಳಿದ್ದುಂಟು, ಬಟಾಣಿ ಸುಲಿಯುತ್ತಾ. ತಂಗಿಗೆ ಬರೆಸಿರಲಿಲ್ಲ.

ಎಲ್ಲಕ್ಕಿಂತ ಮೇಲೆ, ಮೊದಲ ಉತ್ತರವಾಗಿ, ಈ ಸಾಲು: ‘ಆ ಆಸ್ಪತ್ರೆಯಲ್ಲಿ ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಸಹಿ ಹಾಕುತ್ತಿದ್ದೆ.’

ಅತ್ತೆ ಅದನ್ನು ಓದಿದರು. ಬೀದಿಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರು, ಅದರ ಪೀಂ ಪೀಂ ನಿಲ್ಲುವವರೆಗೂ ಅದೇ ಸಾಲನ್ನು ನೋಡುತ್ತಿದ್ದರು. ಆಗ ಅವರ ಕೈಯಲ್ಲೇ ಮೊಬೈಲ್ ನಡುಗಿ ಎಡಗಡೆ ಹೊಸದೊಂದು ಮೆಸೇಜ್ ಮೂಡಿತು.

‘ಟ್ರೈನ್ ಹತ್ತಿದೆ ಅಕ್ಕ. ಮಧ್ಯಾಹ್ನಕ್ಕೆ ನಿಮ್ಮನೆ. ಮುಂದಿನ ವಾರ ನನ್ನ ಹಾರ್ಟ್ ಆಪರೇಷನ್. ಇಷ್ಟು ದಿನ ಬೇಡ ಅಂತಿದ್ದೆ, ಸಹಿ ಬಗ್ಗೆ ನೀನು ಬರೆದದ್ದರಿಂದಲೇ ಧೈರ್ಯ ಬಂತು. ಅದನ್ನು ನಿನ್ನ ಬಾಯಿಂದ ಒಂದು ಸಲ ಕೇಳಬೇಕು.’

ಅತ್ತೆ ಒಳಗಿನ ಕೋಣೆಗೆ ಹೋಗಿ ಸೊಸೆಯ ಕಿವಿಯಿಂದ ಹೆಡ್‌ಫೋನ್ ಕಿತ್ತರು.

"ಏನೇ ಇದು?"

ಸೊಸೆ ಮೊಬೈಲ್ ನೋಡಿದಳು. ಪೆಡಲಿನ ಮೇಲಿದ್ದ ಕಾಲು ಹಾಗೇ ಒತ್ತಿಕೊಂಡಿತ್ತು. ಮೇಜಿನ ಮೇಲೆ ಬಿದ್ದ ಹೆಡ್‌ಫೋನಿನಲ್ಲಿ ಯಾರೋ ಡಾಕ್ಟರು ಯಾರದೋ ಮೂತ್ರಕೋಶದ ಬಗ್ಗೆ ಹೇಳುತ್ತಲೇ ಇದ್ದರು.

"ಅತ್ತೆ, ಕೂತ್ಕೊಳ್ಳಿ."

"ನಿಂತ್ಕೊಂಡೇ ಕೇಳ್ತೀನಿ. ನಾನ್ ಸತ್ತಿದೀನಾ? ನಾನ್ ಬದುಕಿರುವಾಗ್ಲೇ ನನ್ನ ಹೆಸರಲ್ಲಿ ಸಂಸಾರ ಮಾಡ್ತಿದೀಯಲ್ಲ!"

"ಮೊದ್ಲು ಬರೀ ಸರಿ ಮಾಡ್ತಿದ್ದೆ, ಅಷ್ಟೇ. ಡಾಕ್ಟರುಗಳದ್ದು ಮಾಡೋ ಹಾಗೆ. ನೀವು ಮೊಸಳೆಗೆ ‘ಅಯೋಗ್ಯ, ನೂರು ವರ್ಷ ಬಾಳು’ ಅಂದ್ರೆ ಮೊದಲನೇ ಪದ ಬಿಡ್ತಿದ್ದೆ."

"ಅದೇ ಮುಖ್ಯವಾದ ಪದ!"

"ಆಮೇಲೆ ಅವ್ರೆಲ್ಲ ನಕ್ಕು ಉತ್ತರ ಬರೆಯೋಕೆ ಶುರು ಮಾಡಿದ್ರು. ಏನಾದ್ರೂ ಹೇಳ್ಬೇಕಾಯ್ತು. ನೀವು ಮಲಗಿರ್ತಿದ್ರಿ, ಆ ಉತ್ತರಗಳನ್ನೆಲ್ಲ ನಿಮ್ಗೆ ಓದಿ ಹೇಳೋಕೆ ಧೈರ್ಯ ಬರ್ಲಿಲ್ಲ." ಸೊಸೆ ತಲೆ ತಗ್ಗಿಸಿದಳು. "ನನ್ನ ಖಾತೇಲಿ ನೋಡಿ ಅತ್ತೆ, ಬರೀ ಗುಡ್ ಮಾರ್ನಿಂಗು, ಹೂವಿನ ಫೋಟೋ. ನಾಲ್ಕು ಜನರ ಮುಂದೆ ನಂಗೆ ಬಾಯೇ ಬರಲ್ಲ. ನೀವಾಗಿ ಬರೆಯುವಾಗ ಭಯಾನೇ ಇರ್ಲಿಲ್ಲ. ಏನ್ ಬರೆದ್ರೂ ಜನ, ಮೇಡಂ ಹೇಳಿದ್ರು ಅಂತಿದ್ರು."

ಅತ್ತೆಗೆ ಬಂದ ಸಿಟ್ಟಿನ ನಡುವೆಯೇ ಒಂದು ಅನುಮಾನ ಎದ್ದಿತು.

"ಆ ಮೊಣಕಾಲಿನ ಜೀಪು? ಅದು ಯಾರ್ದು?"

"ನಿಮ್ದು. ಊಟಕ್ಕೆ ಕೂತಾಗ ಅಂದ್ರಿ."

"ಸರ್ಕಾರಿ ಆಸ್ತಿ?"

"ಅದು ನಂದು."

ಎರಡೂ ಒಂದೇ ತೂಕದವಾಗಿದ್ದವು. ಕೈಯಲ್ಲಿ ಹಿಡಿದೇ ಬಟ್ಟು ಕಳ್ಳತೂಕದ್ದೋ ಸರಿಯಾದದ್ದೋ ಹೇಳುತ್ತಿದ್ದವರಿಗೆ ತಮ್ಮದೇ ಮಾತು ಯಾವುದು, ಪರರದು ಯಾವುದು ಎಂದು ಗೊತ್ತಾಗಲಿಲ್ಲ. ಅವರು ಮಂಚದ ಅಂಚಿನಲ್ಲಿ ಕುಳಿತರು.

"ಅದೆಲ್ಲ ಹಾಳಾಗ್ಲಿ. ಸಹಿ ವಿಷ್ಯ ಬರೆದಿದೀಯಲ್ಲ, ಆ ಮಾತು ನಾನ್ ಸತ್ರೂ ಹೇಳೋಳಲ್ಲ. ಅದ್ನ ಹುಟ್ಟಿಸೋಕೆ ನೀನ್ಯಾರು? ಅಲ್ಲಿ ಒಬ್ಳು ಅದ್ನ ನಂಬ್ಕೊಂಡು ಎದೆ ಸೀಳಿಸ್ಕೊಳ್ಳೋಕೆ ಹೊರಟಿದಾಳೆ."

ಸೊಸೆ ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದಳು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. ಕಂಪ್ಯೂಟರಿನಲ್ಲಿ ಹಳೆಯ ರೆಕಾರ್ಡೊಂದನ್ನು ಹುಡುಕಿ, ಹೆಡ್‌ಫೋನಿನ ತಂತಿ ತೆಗೆದು, ಪೆಡಲ್ ಒತ್ತಿದಳು.

"ತಂಗಿಗೆ. ನಿನ್ನ ಮೆಸೇಜು ಬಂತು ಫುಲ್‌ಸ್ಟಾಪ್. ಇಷ್ಟು ವರ್ಷ ಆದ್ಮೇಲೆ ಏನ್ ಬರೀಬೇಕೋ ಗೊತ್ತಿಲ್ಲ ಫುಲ್‌ಸ್ಟಾಪ್."

ಧ್ವನಿ ನಿಂತಿತು. ರೆಕಾರ್ಡಿನಲ್ಲಿ ದೂರದ ಲಾರಿಯ ಹಾರ್ನ್. ಕುಕ್ಕರಿನ ಒಂದು ಕೂಗು. ಯಾರೋ ಮೂಗು ಏರಿಸಿಕೊಂಡ ಸದ್ದು. ಆಮೇಲೆ ಬಂದ ಧ್ವನಿಯಲ್ಲಿ ನೋಟಿಸಿನ ಗತ್ತು ಇರಲಿಲ್ಲ.

"ಆ ಆಸ್ಪತ್ರೇಲಿ ನಿನ್ನ ಜಾಗದಲ್ಲಿ ನಾನಿದ್ದಿದ್ರೆ... ನಾನೂ ಸಹಿ ಹಾಕ್ತಿದ್ದೆ ಕಣೇ."

ಕುರ್ಚಿ ಕಿರುಗುಟ್ಟಿತು.

"ಬೇಡ. ಅದ್ನ ಅಳಿಸು. ಏನೂ ಕಳಿಸ್ಬೇಡ. ಸುಮ್ನೆ ಇರ್ಲಿ."

"ಯಾರಿದು?" ಎಂದರು ಅತ್ತೆ.

ಅವರು ನಾಟಕಕ್ಕೆ ಕೇಳಿದ್ದಲ್ಲ. ಧ್ವನಿ ತಮ್ಮದೆಂದು ಗೊತ್ತಿತ್ತು. ಆದರೆ ಹಾಗೆ ಹೇಳಿದ ನೆನಪು ಎಳ್ಳಷ್ಟೂ ಇರಲಿಲ್ಲ. ಅಳಿಸು ಅಂದದ್ದು ನೆನಪಿತ್ತು. ಏನನ್ನು ಅಳಿಸಲು ಹೇಳಿದ್ದೆ ಎಂಬುದು ಅವರ ತಲೆಯಿಂದಲೂ ಅಳಿಸಿ ಹೋಗಿತ್ತು. ಆ ಮಾತು ಇಡೀ ಒಂದೂವರೆ ವರ್ಷ ಈ ಕೋಣೆಯ ಕಂಪ್ಯೂಟರಿನಲ್ಲಿ, ತಂಗಿಯ ಮೊಬೈಲಿನಲ್ಲಿ ಜೀವ ಹಿಡಿದು ಕೂತಿತ್ತು. ಅದು ಇಲ್ಲದಿದ್ದದ್ದು ಅದನ್ನು ಆಡಿದವರಲ್ಲಿ ಮಾತ್ರ.

"ಇನ್ನೊಂದ್ಸಲ ಹಾಕು."

ಸೊಸೆ ಹಾಕಿದಳು.

"ಹೇಳಿದ್ದು ನೀವು ಅತ್ತೆ. ಅಳಿಸು ಅಂದಿದ್ದೂ ನೀವು. ರೂಲ್ ಪ್ರಕಾರ ನಾನು ಕೊನೇದನ್ನ ಕೇಳ್ಬೇಕಿತ್ತು. ಮೊದಲನೆಯವರ ಮಾತು ಕೇಳಿಬಿಟ್ಟೆ."

"ಮೊದಲನೆಯವರು! ಹಾಗಾದ್ರೆ ನಾನ್ ಇಬ್ರಾ?"

"ಮೂವರು. ನನ್ನೂ ಸೇರಿಸಿದ್ರೆ."

ಬೇರೆ ದಿನವಾಗಿದ್ದರೆ ಅತ್ತೆ ಈ ಮಾತಿಗೆ ಬೈಯುತ್ತಿದ್ದರು. ಈಗ ಮೊಬೈಲಿನಲ್ಲಿ ಗಂಟೆ ನೋಡಿದರು.

"ಅವ್ಳು ಬರ್ತಾಳೆ. ನಾನೇನ್ ಹೇಳ್ಲಿ?"

"ಬರೆದಿರೋದನ್ನೇ ಹೇಳಿ. ನಿಮ್ದೇ ಮಾತಲ್ವಾ."

"ಅಳಿಸಿದ್ದು ನಂದಲ್ವೇನೇ?"

ಸೊಸೆ ಪೆಡಲಿನಿಂದ ಕಾಲು ತೆಗೆದಳು. ಅಳಿಸು ಅಂದದ್ದನ್ನು ಒಪ್ಪಿಕೊಂಡರೆ ಮಧ್ಯಾಹ್ನ ಬರುವವಳು ಆಪರೇಷನ್ ಬೇಡವೆಂದು ಮರಳಿ ಹೋಗಬಹುದು. ಸುಮ್ಮನೆ ಬರೆದದ್ದನ್ನು ಬಾಯಿಪಾಠ ಒಪ್ಪಿಸಿದರೆ ಅತ್ತೆ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ, ಪರೀಕ್ಷಿಸದ ಬಟ್ಟಿಗೆ ಮುದ್ರೆ ಒತ್ತಿದಂತೆ.

ತಂಗಿ ಬಂದಳು. ಮೂರು ಮಹಡಿ ಹತ್ತಿ ಬಂದವಳು ಬಾಗಿಲಲ್ಲೇ ಗೋಡೆ ಹಿಡಿದು ನಿಂತಳು, ಮಾತಾಡುವಷ್ಟು ಉಸಿರಿರಲಿಲ್ಲ. ಅತ್ತೆಗೆ ಮೊದಲು ಗುರುತು ಸಿಗಲಿಲ್ಲ. ಮನಸ್ಸಿನಲ್ಲಿದ್ದ ತಂಗಿಗೆ ಇಷ್ಟು ಬಿಳಿ ಕೂದಲಿರಲಿಲ್ಲ, ತುಟಿಗೆ ಈ ನೀಲಿ ಇರಲಿಲ್ಲ.

"ಲಿಫ್ಟ್ ರಿಪೇರಿಯವ್ನ ಮನೇಗೆ ಲಿಫ್ಟೇ ಇಲ್ವಲ್ಲೇ ಅಕ್ಕ" ಎಂದಳು ತಂಗಿ, ಉಸಿರು ಬಂದ ಮೇಲೆ. ಅಕ್ಕನ ಭುಜ ಹಿಡಿದುಕೊಂಡಳು. ದಿನಾ ಮಾತಾಡುವವರ ಸಲಿಗೆ ಅದು. ಅತ್ತೆಯ ಭುಜ ಮರದಂತೆ ನಿಂತಿತ್ತು.

"ಬನ್ನಿ ಚಿಕ್ಕತ್ತೆ, ನೀರು ಕುಡೀರಿ" ಎಂದಳು ಸೊಸೆ, ಕಣ್ಣು ಎತ್ತದೆ.

ತಂಗಿ ಕೂತು ನೀರು ಕುಡಿದು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಆಸ್ಪತ್ರೆಯ ಒಪ್ಪಿಗೆ ಪತ್ರ. ಅವಳ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

"ನಂದು ಹಾಕಿದೀನಿ. ಕೆಳಗೆ ಹತ್ತಿರದ ಸಂಬಂಧಿಕರದ್ದು ಬೇಕಂತೆ. ನೀನು ಹಾಕು. ಹಾಕೋದಕ್ಕೆ ಮುಂಚೆ ಆ ಮಾತು ಒಂದ್ಸಲ ಹೇಳ್ಬಿಡು, ಸಾಕು."

ಅತ್ತೆ ಕಾಗದ ಮುಟ್ಟಲಿಲ್ಲ.

"ಆ ಮಾತು ನಾನು ಹೇಳಿದ್ದು ಹೌದು" ಎಂದರು. "ಹೇಳಿ ಒಂದು ನಿಮಿಷಕ್ಕೇ ಅಳಿಸು ಅಂದೆ. ಇವಳು ಅಳಿಸ್ಲಿಲ್ಲ. ನಂಗೆ ಗೊತ್ತಾಗಿದ್ದು ಇವತ್ತು ಬೆಳಗ್ಗೆ."

ತಂಗಿ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

"ಅದಾದ್ಮೇಲೆ ಬರೆದಿದ್ದು?"

"ಒಂದೂ ನಂದಲ್ಲ."

"ಸ್ವೆಟರು?"

"ಇವಳಿಗೆ ಯಾವಾಗ್ಲೋ ಹೇಳಿದ್ದೆ. ನಿಂಗೆ ಬರೆದಿರ್ಲಿಲ್ಲ."

"ನನ್ನ ಗಂಡನ ತಿಥಿ ದಿನ ರಾತ್ರಿಯೆಲ್ಲ ಮೆಸೇಜಲ್ಲಿ ಮಾತಾಡಿದ್ಯಲ್ಲೇ! ಮಲಗು, ನಾನಿದೀನಿ ಅಂದ್ಯಲ್ಲ!" ತಂಗಿಯ ಧ್ವನಿ ಏರಿತು. "ಹಾಗಾದ್ರೆ ಅಲ್ಲಿ ಇದ್ದಿದ್ದು ಯಾರು?"

ಸೊಸೆ ಅಡುಗೆ ಕಟ್ಟೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿದರೆ ಸಾಕಿತ್ತು, ಬಾಯಿ ಬಿಡಬೇಕಾಗಿರಲಿಲ್ಲ. ತಂಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಆ ಮನೆಯಲ್ಲಿ ಹಾಗೊಂದು ಹೆಂಗಸು ಇದ್ದಾಳೆಂಬುದನ್ನೇ ಈಗ ಕಂಡವಳಂತೆ. ಒಂದೂವರೆ ವರ್ಷ ತನ್ನ ಗುಟ್ಟುಗಳನ್ನೆಲ್ಲ ಕೇಳಿದವಳು ಇವಳು. ಹೆಸರಿನ ಆಚೆ ಇವಳ ಬಗ್ಗೆ ತಂಗಿಗೆ ಏನೂ ಗೊತ್ತಿರಲಿಲ್ಲ. ಟೀ ಕುಡಿಯುತ್ತಾಳೋ ಕಾಫಿಯೋ ಎಂಬುದೂ.

ತಂಗಿ ಮೇಜಿನ ಮೇಲಿದ್ದ ಕಾಗದವನ್ನು ಸೊಸೆಯ ಕಡೆಗೆ ತಳ್ಳಿದಳು.

"ಹಾಗಾದ್ರೆ ನೀನೇ ಹಾಕು. ಅಕ್ಕ ಆಗಿದ್ದು ನೀನೇ ತಾನೇ?"

"ನಾನಾ? ನನ್ನ ಹೆಸರಿನಲ್ಲಾ?" ಸೊಸೆ ಎರಡು ಹೆಜ್ಜೆ ಹಿಂದೆ ಸರಿದಳು. "ನಂಗೆ ಆಗಲ್ಲ ಚಿಕ್ಕತ್ತೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ..."

ಮುಂದಿನ ಮಾತು ಮೂವರಿಗೂ ಗೊತ್ತಿತ್ತು.

"ಬಿಡಿ" ಎಂದಳು ತಂಗಿ. "ಮಾತಾಡಿದೋಳಿಗೆ ಸಹಿ ಹಾಕೋ ಕೈ ಇಲ್ಲ, ಕೈ ಇರೋಳಿಗೆ ಮಾತಿಲ್ಲ. ನಾನು ಎಂಥಾ ಮೂರ್ಖಳು. ಮೊಬೈಲ್ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದೆ." ಕಾಗದ ಮಡಚಲು ಕೈ ಹಾಕಿದಳು.

ಅತ್ತೆಯ ಅಂಗೈ ಕಾಗದದ ಮೇಲೆ ಬಿತ್ತು.

"ಬಿಡು ಅಕ್ಕ. ಕನಿಕರಕ್ಕೆ ಹಾಕ್ಬೇಡ."

"ಕನಿಕರ ಯಾರಿಗೆ ಬೇಕು? ಓದ್ತೀನಿ ಮೊದ್ಲು. ಓದದೆ ನಾನು ಯಾವುದಕ್ಕೂ ಮುದ್ರೆ ಒತ್ತಿದೋಳಲ್ಲ."

ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಸಣ್ಣ ಅಕ್ಷರ. ಬೆರಳಿಟ್ಟು ಸಾಲು ಹಿಡಿದರು. ಅರಿವಳಿಕೆಯಿಂದ ಆಗಬಹುದಾದ ತೊಂದರೆ. ರಕ್ತಸ್ರಾವ. ಲಕ್ವ. ‘ಅಪರೂಪದ ಸಂದರ್ಭಗಳಲ್ಲಿ ಸಾವು ಸಂಭವಿಸಬಹುದು ಎಂಬುದನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ.’ ಅತ್ತೆಯ ಬೆರಳು ಅಲ್ಲಿ ನಿಂತಿತು. ಇಂಥ ಕಾಗದವೊಂದು ಇರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅದರ ಹೆಸರು ಹೇಳಿಯೇ ಇಷ್ಟು ವರ್ಷ ಒಬ್ಬಳನ್ನು ಕೊಲೆಗಾತಿ ಎಂದಿದ್ದರು. ಓದಿದ್ದು ಈಗ.

"ಅವತ್ತು ಇದನ್ನ ಓದೋಕೆ ಬಿಟ್ರಾ ನಿನ್ನ?"

"ಎಲ್ಲಿ ಓದೋದು? ಅಮ್ಮನ್ನ ಆಗ್ಲೇ ತಳ್ಕೊಂಡು ಹೋಗ್ತಿದ್ರು. ಇಲ್ಲಿ ಹಾಕಿ ಅಂದ್ರು. ನಿಂತ್ಕೊಂಡೇ, ಗೋಡೆಗೆ ಇಟ್ಟು ಹಾಕ್ದೆ."

ಅತ್ತೆ ಕೊನೆಯ ಸಾಲಿನವರೆಗೆ ಓದಿದರು. ಪೆನ್ನು ಕೇಳಿದರು. ಸೊಸೆ ತಂದುಕೊಟ್ಟಳು. ಪೆನ್ನಿನ ಮೊನೆ ಕಾಗದ ಮುಟ್ಟಿತು, ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಸಾವಿರಾರು ತಕ್ಕಡಿಗಳಿಗೆ ಸರಿ ಎಂದು ಹೇಳಿದ ಕೈ ಅದು. ಎದುರಿಗೆ ಕೂತವಳ ಎದೆ ಏರಿಳಿಯುವುದು ಸೀರೆಯ ಮೇಲಿಂದ ಕಾಣುತ್ತಿತ್ತು. ಇವಳು ಎದ್ದು ಬರದಿದ್ದರೆ? ನಾಳೆ ಯಾರಾದರೂ ಈ ಹೆಸರಿನ ಕಡೆಗೆ ಬೆರಳು ತೋರಿಸಿ ಅದೇ ಮಾತು ಹೇಳಿದರೆ?

ಹಾಗೆ ಹೇಳುವವರು ಲೋಕದಲ್ಲಿ ಒಬ್ಬರೇ ಇದ್ದರು. ಆ ಒಬ್ಬರ ಕೈಯಲ್ಲೇ ಪೆನ್ನಿತ್ತು.

ಅತ್ತೆ ಸಹಿ ಹಾಕಿದರು. ಮೊದಲ ಅಕ್ಷರ ದಪ್ಪಗೆ ಬಂತು, ಉಳಿದವು ಓರೆಯಾಗಿ ಕೆಳಕ್ಕೆ ಜಾರಿದವು.

"ಇದನ್ನ ಅಳಿಸು ಅಂತ ಹೇಳಲ್ಲ" ಎಂದರು. ಪೆನ್ನನ್ನು ಸೊಸೆಗೆ ವಾಪಸ್ ಕೊಟ್ಟರು.

ತಂಗಿ ಕಾಗದ ತಿರುಗಿಸಿಕೊಂಡು ಸಹಿಯನ್ನು ನೋಡಿದಳು. ಆಮೇಲೆ, ಮೇಜಿನ ಅಂಚನ್ನು ಹಿಡಿದಿದ್ದ ಅಕ್ಕನ ಕೈಯನ್ನು.

"ಹೊಟ್ಟೆ ತೊಳಸ್ತಿದೆಯಾ?" ಎಂದು ಕೇಳಿದಳು.

"ಹೂಂ."

"ಅವತ್ತು ಸಹಿ ಹಾಕ್ದಾಗ ನಂಗೂ ಹಾಗೇ ಆಗಿತ್ತು. ಆಮೇಲೆ ಆಸ್ಪತ್ರೆ ಬಾತ್‌ರೂಮಲ್ಲಿ ವಾಂತಿ ಮಾಡ್ದೆ. ಯಾರಿಗೂ ಹೇಳಿಲ್ಲ ಇದನ್ನ." ತಂಗಿ ತಡೆದು, ಸೊಸೆಯ ಕಡೆ ನೋಡಿದಳು. "ನಿಂಗೂ ಬರೆದಿರ್ಲಿಲ್ಲ ಅಲ್ವಾ?"

"ಇಲ್ಲ ಚಿಕ್ಕತ್ತೆ" ಎಂದಳು ಸೊಸೆ.